ಉಗುರಿನಗಲದ ಹಸಿರು

ನಮ್ಮ ಚಿಕ್ಕಮ್ಮನ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ಒಂದು ಶಿಕ್ಷೆ. ಬೇರೆಯವರಿಗೆ ಮನೆ, ಅಂಗಡಿ, ಮರ ಕಂಡರೆ ಅವಳಿಗೆ ಬಣ್ಣ ಕಾಣುತ್ತದೆ. ಮೂಲೆಮನೆಯವನು ಕೆಳಗಿನ ಕೋಣೆಯಲ್ಲಿ ಮರ ಕೊಯ್ಯುವ ಯಂತ್ರ ಹಾಕಿಸಿದ ದಿನ ಇವಳು ಅವನ ಗೇಟಿನ ಮುಂದೆ ನಿಂತು, "ಇದು ಹಳದಿ ಕಣಪ್ಪಾ. ಹಳದಿಯೊಳಗೆ ನೇರಳೆ ಬರೋ ಹಾಗಿಲ್ಲ" ಅಂದಳು. ಅವನು ಪಾಪ, ಬಗ್ಗಿ ತನ್ನ ಅಂಗಿಯ ಬಣ್ಣ ನೋಡಿಕೊಂಡ. ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ, ದಾರಿಯುದ್ದಕ್ಕೂ ಬೈದೆ. ಎರಡು ತಿಂಗಳ ಮೇಲೆ ಕಚೇರಿಯವರು ಬಂದು ಆ ಯಂತ್ರವನ್ನು ಮುಚ್ಚಿಸಿದಾಗ ಬೈದದ್ದನ್ನೆಲ್ಲ ವಾಪಸು ತೆಗೆದುಕೊಳ್ಳಬೇಕಾಯಿತು.

ಅವಳು ಮೂವತ್ತಾರು ವರ್ಷ ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆಗೆ ಬಣ್ಣ ಹಚ್ಚಿದವಳು. ಊರಿನ ಯಾವ ಜಾಗದಲ್ಲಿ ಏನು ಕಟ್ಟಬಹುದು, ಏನು ಕಟ್ಟಕೂಡದು ಎಂದು ಹೇಳುವ ದೊಡ್ಡ ನಕ್ಷೆ ಅದು. ವಾಸದ ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆಗೆ ಕೆಂಪು, ಉದ್ಯಾನಕ್ಕೆ ಹಸಿರು. ಎಲ್ಲವನ್ನೂ ಕೈಯಲ್ಲೇ, ಕುಂಚದಲ್ಲೇ ಹಚ್ಚುತ್ತಿದ್ದ ಕಾಲ. ಕಚೇರಿಯಲ್ಲಿ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ನನ್ನನ್ನು ಸಾಕಿದವಳು ಇವಳೇ. ಹಾಗಾಗಿ ನಾನು ಅವಳ ಬಗ್ಗೆ ಹೇಳುವುದರಲ್ಲಿ ಪಕ್ಷಪಾತ ಇದ್ದೇ ಇದೆ. ಇಲ್ಲ ಎಂದರೆ ಅದು ಸುಳ್ಳಾಗುತ್ತದೆ, ಸುಳ್ಳಿನ ವಿಷಯ ನನಗೆ ಚೆನ್ನಾಗಿ ಗೊತ್ತು.

ಯಾಕೆಂದರೆ ನನ್ನದು ಕೋರ್ಟಿನ ಎದುರು ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಕಾಲು ಅಲ್ಲಾಡುವ ಎರಡು ಕುರ್ಚಿ. "ನಾನು ಸತ್ಯವನ್ನೇ ಹೇಳುತ್ತೇನೆ" ಎಂಬ ಸಾಲನ್ನು ದಿನಕ್ಕೆ ಇಪ್ಪತ್ತು ಸಲ ಟೈಪ್ ಮಾಡುತ್ತೇನೆ, ಅದರ ಕೆಳಗೆ ಇಪ್ಪತ್ತು ಥರದ ಸುಳ್ಳನ್ನೂ ಟೈಪ್ ಮಾಡುತ್ತೇನೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆಯನ್ನು ಬಂದವರಿಗೆಲ್ಲ ಹೇಳಿ, ಆಮೇಲೆ ಅವರ ಅರ್ಜಿ ಬರೆದುಕೊಡುವುದು ನನ್ನ ಪದ್ಧತಿ. ಕೋರ್ಟು ನನ್ನನ್ನು ಬೆರಗುಗೊಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಏಣಿಯಜ್ಜ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಎಪ್ಪತ್ತು ದಾಟಿದ ಮನುಷ್ಯ, ಬಿದಿರಿನ ಏಣಿ ಕಟ್ಟಿ ಮಾರುವವನು. ಊರಿನಲ್ಲಿ ಯಾರು ಗೋಡೆಗೆ ಬಣ್ಣ ಬಳಿದರೂ, ಯಾರು ದೀಪದ ಕಂಬ ಹತ್ತಿದರೂ ಅವನ ಏಣಿಯ ಮೇಲೆಯೇ. ದೊಡ್ಡ ಉದ್ಯಾನದ ಅಂಚಿನಲ್ಲಿ ಅವನ ಅಪ್ಪ ಬಿಟ್ಟುಹೋದ ಒಂದು ಪಟ್ಟಿ ಜಾಗವಿದೆ. ಅಗಲ ಹನ್ನೆರಡು ಅಡಿ, ಉದ್ದ ಅರವತ್ತು ಅಡಿ, ಏಣಿ ಒಣಹಾಕುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಅದರ ಮೇಲೆ ತಗಡಿನ ಶೆಡ್ಡು. ಅರ್ಧದಲ್ಲಿ ಕೆಲಸ, ಅರ್ಧದಲ್ಲಿ ಸಂಸಾರ. ಪಕ್ಕಾ ಛಾವಣಿ ಹಾಕಿಕೊಳ್ಳಲು ಹನ್ನೊಂದು ಸಲ ಅನುಮತಿ ಕೇಳಿದ್ದ. ಹನ್ನೊಂದು ಸಲವೂ ಒಂದೇ ಉತ್ತರ: ನಿಮ್ಮ ಜಾಗ ನಕ್ಷೆಯಲ್ಲಿ ಹಸಿರಿನಲ್ಲಿದೆ, ಉದ್ಯಾನದಲ್ಲಿ ಮನೆ ಕಟ್ಟುವ ಹಾಗಿಲ್ಲ. ಪತ್ರಗಳಲ್ಲಿ ಜಾಗ ಅವನದು, ನಕ್ಷೆಯಲ್ಲಿ ಊರಿನದು. ಈಗ ನೋಟಿಸೇ ಬಂದಿತ್ತು. ಉದ್ಯಾನಕ್ಕೆ ಬೇಲಿ ಹಾಕಬೇಕು, ಶೆಡ್ಡನ್ನು ಮೂವತ್ತು ದಿನಗಳಲ್ಲಿ ತೆರವು ಮಾಡಿ ಎಂದು.

ನಾನು ಎಂದಿನಂತೆ ಗಾದೆ ಹೇಳಿದೆ. ಜೊತೆಗೆ ಸುಣ್ಣದ ಗೂಡಿನ ತೀರ್ಪಿನ ವಿಷಯವನ್ನೂ ಹೇಳಿದೆ. ಅದು ನಮ್ಮ ಸಾಲಿನ ಟೈಪಿಂಗ್ ಅಂಗಡಿಗಳವರಿಗೆಲ್ಲ ಬಾಯಿಪಾಠ. ಹದಿನೈದು ವರ್ಷದ ಹಿಂದೆ ಸುಣ್ಣದ ಗೂಡಿನ ಮಾಲೀಕನೊಬ್ಬ ನಕ್ಷೆ ತಪ್ಪಾಗಿದೆ ಎಂದು ದಾವೆ ಹೂಡಿದ್ದ. ನಕ್ಷೆ ಪ್ರಕಟವಾಗಿ ತಕರಾರಿನ ಗಡುವು ಮುಗಿದ ಮೇಲೆ ಅದೇ ಕಾನೂನು, ಅದರ ಒಂದು ಗೆರೆಯನ್ನೂ ಯಾರೂ ಪ್ರಶ್ನಿಸುವ ಹಾಗಿಲ್ಲ ಎಂದು ಕೋರ್ಟು ಹೇಳಿತ್ತು. ಅಂದಿನಿಂದ ಜಾಗದ ತಕರಾರು ತಂದವರೆಲ್ಲ ಆ ತೀರ್ಪಿಗೆ ಹಣೆ ಬಡಿದುಕೊಂಡು ವಾಪಸು ಹೋಗಿದ್ದರು.

"ಸುಮ್ನೆ ಗೋಡೆಗೆ ತಲೆ ಚಚ್ಕೊಂಡ ಹಾಗಾಗುತ್ತೆ ಅಜ್ಜ" ಅಂದೆ.

"ಗೋಡೆ ಕಟ್ಟೋಕೇ ಬಿಡ್ಲಿಲ್ವಲ್ಲ ತಾಯಿ, ಚಚ್ಕೊಳ್ಳೋಕೆ" ಅಂದ ಅಜ್ಜ.

ನಗು ಬಂತು, ಅರ್ಜಿ ಟೈಪ್ ಮಾಡಲು ಕುಳಿತೆ. ಅವನ ಪರವಾಗಿ ನಿಂತವರು ನಮ್ಮ ವಾಯ್ದೆ ವಕೀಲರು. ಯಾವ ಕೇಸಿನಲ್ಲೇ ಆಗಲಿ ವಾಯ್ದೆ ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಅದಕ್ಕೇ ಆ ಹೆಸರು. ನೋಟಿಸಿನ ಮೇಲೆ ತಡೆಯಾಜ್ಞೆ ತಂದು ಆರು ತಿಂಗಳು ಎಳೆದರೆ ಅಷ್ಟೇ ಲಾಭ ಎನ್ನುವುದು ಅವರ ಲೆಕ್ಕ.

ಕರಡು ಪ್ರತಿಯನ್ನು ಮನೆಗೆ ತಂದೆ. ನಾನು ಟೈಪ್ ಮಾಡಿದ್ದನ್ನು ಚಿಕ್ಕಮ್ಮ ಒಮ್ಮೆ ನೋಡುವುದು ರೂಢಿ. ಸಾಲು ಒಂದು ನೂಲು ಓರೆಯಾಗಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಒಂದೊಂದೇ ಪುಟ ತಿರುಗಿಸುತ್ತಿದ್ದಳು. ಕೊನೆಗೆ ನಕ್ಷೆಯ ಜೆರಾಕ್ಸ್ ಬಂತು. ಅಲ್ಲಿಗೆ ನಿಂತಳು. ಎದ್ದು ಹೋಗಿ ಭೂತಗನ್ನಡಿ ತಂದಳು. ಆ ಪಟ್ಟಿ ಎಷ್ಟು ಅಗಲ ಎಂದು ಕೇಳಿದಳು. ಹನ್ನೆರಡು ಅಡಿ ಎಂದೆ. ಮತ್ತೆ ಎದ್ದು, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಇನ್ನೊಮ್ಮೆ ತೊಳೆದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಾಕೆ ಆಡುತ್ತೀಯ ಎಂದು ನಾನು ತಮಾಷೆಗೆ ಕೇಳಿದೆ. ಅವಳು ನಗಲಿಲ್ಲ. ಲೋಟ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಈ ಕುಂಬಳಕಾಯಿ ಕದ್ದಿದ್ದು ನಾನೇ ಕಣೇ" ಅಂದಳು.

ನಕ್ಷೆಗೆ ಬಣ್ಣ ಹಚ್ಚುವ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆಯಂತೆ. ಮೊದಲು ಗಟ್ಟಿ ಪೆನ್ಸಿಲಿನಲ್ಲಿ ಗಡಿಗೆರೆ. ಆಮೇಲೆ ಹಲಗೆಯನ್ನು ಸ್ವಲ್ಪ ಓರೆಯಾಗಿ ಇಟ್ಟು, ಕುಂಚದ ತುಂಬ ನೀರುಬಣ್ಣ ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಬಣ್ಣದ ಹನಿಯನ್ನು ಎಳೆದುಕೊಂಡು ಬರಬೇಕು. ಗೆರೆ ಮುಟ್ಟುವ ತನಕ ಕೈ ನಿಲ್ಲಿಸುವ ಹಾಗಿಲ್ಲ. ಮಧ್ಯದಲ್ಲಿ ನಿಂತರೆ ಅಲ್ಲೇ ಒಣಗಿ ಕಲೆ ಬೀಳುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ ಶಾಯಿಯ ಗೆರೆ. ಹಾಳೆ ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಕಡೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಇಡುತ್ತಿದ್ದರು.

ಅವಳಿಗೆ ಆಗ ಇಪ್ಪತ್ತಮೂರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಉದ್ಯಾನದ ಹಸಿರನ್ನು ಎಳೆದುಕೊಂಡು ಬರುತ್ತಿದ್ದಳು. ಅಂಚಿನ ಹತ್ತಿರ ಒಂದು ಬಟ್ಟು ಕುಳಿತಿತ್ತು. ಎಡಗೈಯಲ್ಲಿ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಬಲಗೈ ನಿಲ್ಲಿಸದೆ ಮುಂದಿನ ಗೆರೆಯ ತನಕ ಬಣ್ಣ ತಂದಳು. ನಿಲ್ಲಬೇಕಾದ ಗೆರೆ ಆ ಬಟ್ಟಿನ ಕೆಳಗೇ ಇತ್ತು. ಅವಳು ನೋಡುವ ಹೊತ್ತಿಗೆ ಹಸಿರು ಅದನ್ನು ದಾಟಿಹೋಗಿತ್ತು. ಕಿರುಬೆರಳಿನ ಉಗುರಿನಷ್ಟು ಅಗಲ ಮಾತ್ರ.

ತಪ್ಪಾದರೆ ಹಿರಿಯ ನಕ್ಷೆಗಾರರಿಗೆ ಹೇಳಬೇಕು. ಬ್ಲೇಡಿನಿಂದ ಹಗುರವಾಗಿ ಕೆರೆದು, ಚಮಚದ ಬೆನ್ನಿನಿಂದ ಕಾಗದವನ್ನು ತೀಡಿ ಸರಿಮಾಡುತ್ತಾರೆ. ಆದರೆ ಹಿಂದಿನ ತಿಂಗಳು ಶಾಯಿ ಚೆಲ್ಲಿದ ಒಬ್ಬ ಹುಡುಗಿಯನ್ನು ಅವರು ಮಧ್ಯಾಹ್ನದೊಳಗೆ ಮನೆಗೆ ಕಳಿಸಿದ್ದರು. ಇವಳ ಸಂಬಳದಲ್ಲಿ ಮನೆ ನಡೆಯಬೇಕಿತ್ತು. ಯಾರದೋ ಖಾಲಿ ಜಾಗ, ಅಷ್ಟೇ ಅಷ್ಟು, ಯಾರು ನೋಡುತ್ತಾರೆ ಎಂದುಕೊಂಡಳು. ಒಣಗಿದ ಮೇಲೆ ಹೊರಗಿನ ಗೆರೆಗೇ ಶಾಯಿ ಎಳೆದಳು. ಆ ಹಾಳೆಯನ್ನು ನೋಡಿ ಆರು ಪ್ರತಿ ತೆಗೆದರು. ಪ್ರತಿಗಳನ್ನು ನೋಡಿ ಯಾವ ಜಾಗ ಯಾವ ಬಣ್ಣ ಎಂಬ ಯಾದಿ ಬರೆದರು. ಮುಂದಿನ ನಕ್ಷೆಗಳೆಲ್ಲ ಹಿಂದಿನದನ್ನು ನೋಡಿಕೊಂಡೇ ಹುಟ್ಟಿದವು. ನಲವತ್ತು ವರ್ಷ ಕಳೆಯಿತು.

"ಬ್ಲೇಡು ಡ್ರಾಯರಿನಲ್ಲೇ ಇತ್ತು ಕಣೇ" ಅಂದಳು. "ಕೈ ಚಾಚಿದ್ರೆ ಸಿಗೋದು."

ನಾನು ಆಗ ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಯಾರಿಗೂ ಗೊತ್ತಿಲ್ಲ, ಬಾಯಿಗೆ ಬೀಗ ಹಾಕಿಕೊಂಡಿರು ಅಂದೆ. ಪಿಂಚಣಿಗೆ ಕಲ್ಲು ಬೀಳುತ್ತದೆ, ನಿನ್ನ ಮಾತು ನಂಬಿ ಯಾರೂ ನಕ್ಷೆ ಬದಲಿಸುವುದಿಲ್ಲ, ಸುಣ್ಣದ ಗೂಡಿನ ತೀರ್ಪು ಇದೆ ಅಂದೆ. ಅದೂ ಅಲ್ಲದೆ ಆ ಉದ್ಯಾನ ಅವಳ ಪ್ರಾಣ. ದಿನಾ ಬೆಳಿಗ್ಗೆ ಅಲ್ಲಿ ನಾಲ್ಕು ಸುತ್ತು ನಡೆಯುತ್ತಾಳೆ. ಪಟ್ಟಿ ಹೋದರೆ ಅಲ್ಲಿ ನಾಳೆ ಗೋಡೆ ಏಳುತ್ತದೆ, ಒಬ್ಬನಿಗೆ ಬಿಟ್ಟರೆ ಹತ್ತು ಜನ ಬರುತ್ತಾರೆ, ಉದ್ಯಾನವೇ ಉಳಿಯುವುದಿಲ್ಲ ಎಂದು ಹೆದರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಮಲಗಲು ಹೋದಳು.

ಬೆಳಿಗ್ಗೆ ಮಳೆ. ಅವಳು ಛತ್ರಿ ಹಿಡಿದುಕೊಂಡು ಹೋದವಳು ಒಂದೂವರೆ ಗಂಟೆಯಾದರೂ ಬರಲಿಲ್ಲ. ವರ್ಷಗಟ್ಟಲೆ ಆ ಶೆಡ್ಡಿನ ಮುಂದೆಯೇ ನಡೆದಿದ್ದವಳು ಅಂದು ಮೊದಲ ಸಲ ಅದರೊಳಗೆ ಇಣುಕಿದ್ದಳು. ತಗಡು ನಾಲ್ಕು ಕಡೆ ಸೋರುತ್ತಿತ್ತಂತೆ. ಅಜ್ಜ ಒಂದು ಹಳೆಯ ಛತ್ರಿಯನ್ನು ಸೂರಿಗೆ ಹಗ್ಗದಿಂದ ಕಟ್ಟಿದ್ದ. ಅದರ ಕೆಳಗಿದ್ದದ್ದು ಅಜ್ಜ ಅಲ್ಲ, ಅರ್ಧ ಕಟ್ಟಿದ ಏಣಿ. ಬಿದಿರು ನೆನೆದರೆ ಕಟ್ಟು ಸಡಿಲವಾಗುತ್ತದೆ, ಹತ್ತಿದವನು ಬಿದ್ದುಬಿಡುತ್ತಾನೆ ಎಂದು ಏಣಿಗೆ ಛತ್ರಿ ಕೊಟ್ಟು, ತಾನು ನೆನೆಯುತ್ತ ಕುಳಿತಿದ್ದ. ಇಷ್ಟನ್ನು ಹೇಳಿ ಚಿಕ್ಕಮ್ಮ ಒದ್ದೆ ಸೀರೆಯಲ್ಲೇ ಕುರ್ಚಿಯ ಮೇಲೆ ಕುಳಿತಳು.

"ಟೈಪ್ ಮಾಡು" ಅಂದಳು. "ನಾನು ಹೇಳ್ತೀನಿ."

ಅವಳ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿದೆ. "ನಾನು ಸತ್ಯವನ್ನೇ ಹೇಳುತ್ತೇನೆ" ಎಂಬ ಸಾಲು ಬಂದಾಗ ಬೆರಳು ನಿಂತವು. ಹದಿನೆಂಟು ವರ್ಷದಿಂದ ಆ ಸಾಲನ್ನು ಕಣ್ಣು ಮುಚ್ಚಿಕೊಂಡು ಹೊಡೆದಿದ್ದೇನೆ. ಅಂದು ಅದನ್ನು ಅಕ್ಷರ ಅಕ್ಷರ ನೋಡಿ ಹೊಡೆದೆ. ವಾಯ್ದೆ ವಕೀಲರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇನ್ನು ಈ ಕೇಸಿನಲ್ಲಿ ವಾಯ್ದೆ ಕೇಳುವುದಿಲ್ಲ ಅಂದರು. ಅವರ ಬಾಯಲ್ಲಿ ಅದೇನು ಸಣ್ಣ ಮಾತಲ್ಲ.

ಪ್ರಮಾಣಪತ್ರ ಹೋದ ಮೇಲೆ ಪುಟ್ಟ ಅರ್ಜಿ ದೊಡ್ಡದಾಯಿತು. ಒಬ್ಬ ನ್ಯಾಯಮೂರ್ತಿಯ ಮುಂದಿದ್ದದ್ದು ಮೂವರ ಪೀಠಕ್ಕೆ ಹೋಯಿತು. ಉದ್ಯಾನದ ಸುತ್ತಲಿನ ನಿವಾಸಿಗಳು ತಮ್ಮ ವಕೀಲರನ್ನು ಇಟ್ಟರು. ಹಸಿರು ಹಸಿರಾಗಿಯೇ ಇರುತ್ತದೆಂದು ನಂಬಿ ನಾವು ಇಲ್ಲಿ ಮನೆ ಕಟ್ಟಿದೆವು ಎನ್ನುವುದು ಅವರ ಮಾತು, ಅದೂ ಸುಳ್ಳಲ್ಲ. ಕಚೇರಿಯವರ ವಕೀಲರಂತೂ ಬೆಂಕಿ. ಒಂದು ಕುಂಚದ ತಪ್ಪನ್ನು ಒಪ್ಪಿದರೆ ನಾಳೆ ಊರಿನ ಪ್ರತಿಯೊಬ್ಬನೂ ತನ್ನ ಜಾಗದ ಬಣ್ಣ ತಪ್ಪು ಎಂದು ಬಂದು ನಿಲ್ಲುತ್ತಾನೆ, ನಲವತ್ತು ವರ್ಷದ ಊರನ್ನೇ ಅಳಿಸಿ ಬರೆಯಬೇಕಾಗುತ್ತದೆ ಎಂದು ವಾದಿಸಿದರು. ಕೇಳುತ್ತ ಕುಳಿತ ನನಗೆ ಮೊದಲ ಸಲ ಅರ್ಥವಾಯಿತು. ಎಲ್ಲರೂ ಸರಿ ಇದ್ದಾಗಲೂ ಒಬ್ಬನಿಗೆ ಅನ್ಯಾಯ ಆಗಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಪ್ಪು ಮಾಡಿದ್ದು ಚಿಕ್ಕಮ್ಮ, ಮಳೆಯಲ್ಲಿ ನೆನೆದದ್ದು ಅಜ್ಜ.

ಮೂಲ ಹಾಳೆಯನ್ನು ತನ್ನಿ ಎಂದು ಪೀಠ ಆಜ್ಞೆ ಮಾಡಿತು. ಮುಂದಿನ ತಾರೀಖಿಗೆ ಇಬ್ಬರು ಜವಾನರು ಒಂದು ಉದ್ದನೆಯ ತಗಡಿನ ಕೊಳವೆ ಹೊತ್ತು ತಂದರು. ಹಾಳೆಯನ್ನು ವಕೀಲರ ಮೇಜುಗಳನ್ನು ಜೋಡಿಸಿ ಬಿಡಿಸಿದರು. ನಾನು ಚಿಕ್ಕಮ್ಮನ ಕೆಲಸವನ್ನು ಕಣ್ಣಾರೆ ಕಂಡದ್ದು ಅಂದೇ. ಇಡೀ ಊರು ಅಲ್ಲಿ ಮಲಗಿತ್ತು. ನಾನು ಓದಿದ ಶಾಲೆ ಕೆಂಪಿನಲ್ಲಿತ್ತು, ಅದು ಕಟ್ಟುವುದಕ್ಕೆ ಹತ್ತು ವರ್ಷ ಮೊದಲೇ. ನಮ್ಮ ಮನೆಯ ಬೀದಿ ಹಳದಿಯಲ್ಲಿತ್ತು, ಅಲ್ಲಿ ಬರೀ ಬಯಲಿದ್ದಾಗಲೇ. ಇಪ್ಪತ್ತಮೂರರ ಹುಡುಗಿಯೊಬ್ಬಳು ಕುಂಚ ಎಳೆದ ಕಡೆಯಲ್ಲೆಲ್ಲ ಆಮೇಲೆ ಊರು ಬೆಳೆದಿತ್ತು. ದಿನಾ ನನಗೆ ತಲೆ ಬಾಚಿದ ಕೈ ಅದು.

ಮಧ್ಯದಲ್ಲಿ ಕುಳಿತಿದ್ದ ಹಿರಿಯ ನ್ಯಾಯಮೂರ್ತಿಗಳು, ಆ ಗೆರೆ ಈಗ ಕಾಣುತ್ತದೆಯೇ ಎಂದು ಕೇಳಿದರು. ಎದುರಿನಿಂದ ನೋಡಿದರೆ ಕಾಣುವುದಿಲ್ಲ, ಗಟ್ಟಿ ಪೆನ್ಸಿಲು ಕಾಗದದಲ್ಲಿ ಸಣ್ಣ ಕಾಲುವೆ ತೋಡಿರುತ್ತದೆ, ಬಾಗಿಲು ಕಿಟಕಿ ಮುಚ್ಚಿ ಪಕ್ಕದಿಂದ ಟಾರ್ಚು ಹಿಡಿದರೆ ನೆರಳು ಬೀಳುತ್ತದೆ ಎಂದಳು ಚಿಕ್ಕಮ್ಮ. ಕಚೇರಿಯ ವಕೀಲರು ಆಕ್ಷೇಪಣೆ ಎತ್ತಿದರು. ಹಿರಿಯರು ಕೈ ಎತ್ತಿ ಸುಮ್ಮನಾಗಿಸಿ, ತಮ್ಮ ಎತ್ತರದ ಪೀಠದಿಂದ ಎದ್ದರು. ಉಳಿದಿಬ್ಬರೂ ಎದ್ದರು. ಮೂವರೂ ಮೆಟ್ಟಿಲಿಳಿದು ಕೆಳಗೆ ಬಂದರು.

ಹದಿನೆಂಟು ವರ್ಷ ಆ ಕಟ್ಟಡದ ಎದುರು ಕುಳಿತಿದ್ದೇನೆ. ನ್ಯಾಯಮೂರ್ತಿಗಳು ಪೀಠದಿಂದ ಇಳಿದು ಬಂದದ್ದನ್ನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಇಡೀ ಕೋರ್ಟು ಎದ್ದು ನಿಂತಿತು. ಕಿಟಕಿ ಮುಚ್ಚಿದರು. ಜವಾನ ಟಾರ್ಚನ್ನು ನೇರ ಮೇಲಿನಿಂದ ಹಿಡಿದ. ಚಿಕ್ಕಮ್ಮ ಅದನ್ನು ಇಸಿದುಕೊಂಡು ಹಾಳೆಯ ಮಟ್ಟಕ್ಕೆ ಓರೆಯಾಗಿ ಹಿಡಿದಳು. ಮೊದಲು ಏನೂ ಇಲ್ಲ, ಬರೀ ಹಸಿರು. ಅವಳು ಟಾರ್ಚನ್ನು ಸ್ವಲ್ಪ ತಿರುಗಿಸಿದಳು. ಹಸಿರಿನ ಒಳಗಿನಿಂದ ಒಂದು ಗೆರೆ ಎದ್ದು ಬಂತು. ನೇರ, ಸಣ್ಣ, ಈ ಕೊನೆಯಿಂದ ಆ ಕೊನೆಗೆ. ನಲವತ್ತು ವರ್ಷ ಅದು ಅಲ್ಲೇ ಇತ್ತು, ಬೆಳಕು ಬರಲಿ ಎಂದು ಕಾಯುತ್ತಿತ್ತು. ಮೂವರು ನ್ಯಾಯಮೂರ್ತಿಗಳ ತಲೆಗಳು ಹಾಳೆಯ ಮೇಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಾಗಿದ್ದವು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಎತ್ತುವುದಕ್ಕೂ ಭಯವಾಯಿತು.

ಹಿರಿಯರು ಅಲ್ಲಿಂದಲೇ ಕೇಳಿದರು. "ನಲವತ್ತು ವರ್ಷ ಯಾಕೆ ಹೇಳ್ಲಿಲ್ಲಮ್ಮ?"

"ಮೊದಲು ಕೆಲಸ ಹೋಗುತ್ತೆ ಅಂತ ಹೆದರಿದೆ ಸ್ವಾಮಿ" ಅಂದಳು ಚಿಕ್ಕಮ್ಮ. "ಆಮೇಲೆ ಎಲ್ಲಾ ನಕ್ಷೆಯಲ್ಲೂ ಅದು ಹಸಿರಾಗೇ ಬಂತು. ಎಲ್ಲರೂ ನಂಬಿದ್ರು. ನಾನೂ ನಂಬಿಬಿಟ್ಟೆ."

ಹೊರಗಿನ ಪಡಸಾಲೆಯಲ್ಲಿ ಅಜ್ಜ ಕಂಬಕ್ಕೆ ಒರಗಿ ನಿಂತಿದ್ದ. ಚಿಕ್ಕಮ್ಮ ಅವನ ಮುಂದೆ ಹೋಗಿ ನಿಂತಳು. ಕಾಲಿಗೆ ಬೀಳುತ್ತಾಳೋ ಏನೋ ಎಂದು ನಾನು ಹಿಂದೆಯೇ ಹೋದೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳಬೇಕೆಂದಿದ್ದಳಂತೆ, ಅಷ್ಟರಲ್ಲಿ ಅಜ್ಜನೇ ಮಾತಾಡಿದ.

"ಮಳೆ ಸೋರಿದಾಗೆಲ್ಲ ಯಾರನ್ನ ಬೈಬೇಕು ಅಂತ ಗೊತ್ತಾಗ್ತಿರ್ಲಿಲ್ಲ ಅಮ್ಮ. ದೇವರನ್ನೇ ಬೈತಿದ್ದೆ. ಸದ್ಯ, ಈಗ ಗೊತ್ತಾಯ್ತು."

ಅಷ್ಟೇ ಹೇಳಿ ಹೊರಟುಹೋದ. ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಎನ್ನಬೇಕು? ಚಿಕ್ಕಮ್ಮ ಅಂದಿನಿಂದ ಉದ್ಯಾನಕ್ಕೆ ಹೋಗುವುದನ್ನು ಬಿಟ್ಟಳು. ತೀರ್ಪು ಬರುವ ತನಕ ನಾಲ್ಕು ತಿಂಗಳು ಮನೆಯ ತಾರಸಿಯ ಮೇಲೆಯೇ ನಡೆದಳು.

ತೀರ್ಪಿನ ದಿನ ಕೋರ್ಟು ಕಿಕ್ಕಿರಿದಿತ್ತು. ಎಪ್ಪತ್ತೆರಡು ಪುಟ. ನಾನು ಆಮೇಲೆ ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೊದಲಿಗೆ ಅವರು ಸುಣ್ಣದ ಗೂಡಿನ ತೀರ್ಪನ್ನು ಎತ್ತಿಹಿಡಿದರು. ಪ್ರಕಟವಾದ ನಕ್ಷೆ ಕಾನೂನೇ, ಅದನ್ನು ನಂಬಿ ಜನ ಮನೆ ಕಟ್ಟಿದ್ದಾರೆ, ಆ ನಂಬಿಕೆಯನ್ನು ಕೋರ್ಟು ಮುರಿಯುವುದಿಲ್ಲ, ಹಸಿರು ಹಸಿರಾಗಿಯೇ ಉಳಿಯುತ್ತದೆ ಎಂದರು. ಅಜ್ಜ ಎದ್ದು ಚೀಲ ಹೆಗಲಿಗೆ ಹಾಕಿಕೊಂಡ. ವಾಯ್ದೆ ವಕೀಲರು ಅವನ ಕೈ ಹಿಡಿದು ಕೂರಿಸಿದರು, ಇನ್ನೂ ಐವತ್ತು ಪುಟ ಇದೆ ಮಾರಾಯರೇ ಎಂದು.

ಆಮೇಲೆ ಬಂತು ಅವರ ಮಾತು. ನಕ್ಷೆಯ ಬಣ್ಣ ಒಂದು ಜಾಗದಲ್ಲಿ ಏನು ಮಾಡಬಹುದೆಂದು ಹೇಳಬಲ್ಲದು, ಆದರೆ ಕೇಳದೆ ಹೇಳದೆ ಒಬ್ಬನ ನೆಲವನ್ನು ನುಂಗಲಾರದು. ಊರಿನ ಹಸಿರಿಗಾಗಿ ಒಬ್ಬನ ನೆಲ ಬೇಕಾದರೆ ಅದರ ಭಾರವನ್ನು ಊರು ಹೊರಬೇಕು, ಅವನೊಬ್ಬನಲ್ಲ. ಅದೇ ಉದ್ಯಾನದ ಇನ್ನೊಂದು ಬದಿಯಲ್ಲಿ, ಇಂದಿನ ನಕ್ಷೆಯಲ್ಲಿ ಹಳದಿಯಾಗಿರುವ, ಕಚೇರಿಗೆ ಸೇರಿದ ನೆಲವಿದೆ. ಅದರಿಂದ ಅಷ್ಟೇ ಅಗಲ ಅಷ್ಟೇ ಉದ್ದದ ಪಟ್ಟಿಯನ್ನು ತೊಂಬತ್ತು ದಿನಗಳಲ್ಲಿ ಏಣಿ ಕಟ್ಟುವವನಿಗೆ ಕೊಡಬೇಕು, ಛಾವಣಿಯ ಅನುಮತಿಯ ಸಮೇತ. ಅಲ್ಲಿಯವರೆಗೆ ಅವನ ಶೆಡ್ಡಿನ ಒಂದು ತಗಡನ್ನೂ ಮುಟ್ಟಕೂಡದು. ಇನ್ನು ಮುಂದೆ ಯಾವ ನಕ್ಷೆಯೂ ಪಕ್ಕಾ ಆಗುವ ಮೊದಲು, ನಿನ್ನ ನೆಲಕ್ಕೆ ಇಂಥ ಬಣ್ಣ ಹಚ್ಚುತ್ತಿದ್ದೇವೆ, ಅದರ ಅರ್ಥ ಇದು ಎಂದು ಪ್ರತಿಯೊಬ್ಬ ಮಾಲೀಕನಿಗೆ ಸರಳ ಮಾತಿನಲ್ಲಿ ಬರೆದು ತಿಳಿಸಬೇಕು. ಮೂಲ ಹಾಳೆಯನ್ನು ಯಾರು ಕೇಳಿದರೂ ತೋರಿಸಬೇಕು.

ಈಗ ಪ್ರತಿ ಊರಿನಲ್ಲೂ ಆ ನೋಟಿಸು ಹೋಗುತ್ತದೆ. ಓದಲು ಬಾರದವರು ಅದನ್ನು ತೆಗೆದುಕೊಂಡು ನನ್ನ ಅಂಗಡಿಗೇ ಬರುತ್ತಾರೆ, ನಾನು ಓದಿ ಹೇಳುತ್ತೇನೆ. ಸುಣ್ಣದ ಗೂಡಿನ ಹಾಗೆ ಇದಕ್ಕೂ ಒಂದು ಹೆಸರು ಬಿದ್ದಿದೆ, ಏಣಿ ತೀರ್ಪು ಎಂದು. ಅಲ್ಲಿ ಇಪ್ಪತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲಿದೆ: "ತಪ್ಪು ಮಾಡಿದ ಕೈಯೇ ಬೆಳಕು ಹಿಡಿದು ತಪ್ಪನ್ನು ತೋರಿಸಿತು, ಈ ಪೀಠ ಇಂಥದ್ದನ್ನು ಹೆಚ್ಚು ಕಂಡಿಲ್ಲ." ಪಿಂಚಣಿಯ ತಂಟೆಗೆ ಹೋಗಬಾರದೆಂದೂ ಅದರ ಕೆಳಗೆ ಬರೆದಿದ್ದಾರೆ. ಎಲ್ಲ ಸುಳ್ಳುಗಳ ನಡುವೆ ಆ ಪುಟವನ್ನು ಜೆರಾಕ್ಸ್ ಮಾಡಿ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತೀರ್ಪಿನ ಕೊನೆಯಲ್ಲಿ ಇನ್ನೊಂದು ಆಜ್ಞೆ ಇತ್ತು, ಬದಲಾವಣೆಯನ್ನು ಮೂಲ ಹಾಳೆಯ ಮೇಲೆಯೇ ಗುರುತಿಸಬೇಕು ಎಂದು. ಕೊಡಬೇಕಾದ ಹೊಸ ಪಟ್ಟಿ ಆ ಹಾಳೆಯಲ್ಲಿ ಬಣ್ಣವೇ ಇಲ್ಲದ ಬಿಳಿ ಜಾಗ, ಆಗ ಅಲ್ಲಿ ಹಳ್ಳ ಹರಿಯುತ್ತಿತ್ತು. ಕಚೇರಿಯಲ್ಲಿ ಈಗ ಎಲ್ಲ ಕಂಪ್ಯೂಟರು. ಮೂರು ಮಹಡಿ ಹುಡುಕಿದರೂ ನೀರುಬಣ್ಣ ಎಳೆಯಲು ಬರುವ ಒಂದು ಕೈ ಸಿಗಲಿಲ್ಲ. ಕಡೆಗೆ ಕಚೇರಿಯ ಜೀಪು ನಮ್ಮ ಮನೆಯ ಮುಂದೆ ಬಂದು ನಿಂತಿತು. ಚಿಕ್ಕಮ್ಮ ಕನ್ನಡಿಯ ಮುಂದೆ ಹೋಗಿ ಕೂದಲು ಸರಿಮಾಡಿಕೊಂಡಳು. ಅವಳು ಒಂದು ಷರತ್ತು ಹಾಕಿದಳು, ಏಣಿಯಜ್ಜ ಎದುರಿಗೆ ಇರಬೇಕು ಎಂದು. ಅಜ್ಜ ಬರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಬಂದಿದ್ದ. ಒಗೆದ ಅಂಗಿ ಹಾಕಿಕೊಂಡು, ಬಾಗಿಲ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದ.

ಹಳೆಯ ಕೋಣೆ, ಉತ್ತರದ ಕಿಟಕಿ, ಅದೇ ಓರೆ ಹಲಗೆ. ಕಪಾಟಿನ ಮೂಲೆಯಿಂದ ಹಿತ್ತಾಳೆಯ ಬಟ್ಟುಗಳನ್ನೂ ಯಾರೋ ಹುಡುಕಿ ತಂದಿದ್ದರು. ಅವಳು ಹೊಸ ಪಟ್ಟಿಗೆ ಪೆನ್ಸಿಲಿನ ಗಡಿಗೆರೆ ಹಾಕಿ, ಪಿಂಗಾಣಿ ಬಟ್ಟಲಿನಲ್ಲಿ ಹಳದಿ ಕಲಸಿದಳು, ಕುಂಚವನ್ನು ತುಟಿಯಿಂದ ಚೂಪು ಮಾಡಿದಳು. ಹಾಳೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಕಚೇರಿಯವರು ಬಟ್ಟು ಇಡಲು ಮುಂದೆ ಬಂದರು, ಅವಳು ಬೇಡ ಎಂದು ತಲೆಯಾಡಿಸಿದಳು. ಒಂದು ಬಟ್ಟನ್ನು ಎತ್ತಿ ಅಜ್ಜನ ಕಡೆಗೆ ಚಾಚಿದಳು.

"ಇದನ್ನ ನೀವೇ ಇಡಿ ಯಜಮಾನ್ರೇ" ಅಂದಳು.

ಅಜ್ಜ ಬಂದ. ಬಿದಿರು ಸೀಳಿ ಸೀಳಿ ಒಡೆದುಹೋದ ಬೆರಳುಗಳಲ್ಲಿ ಅದನ್ನು ತೆಗೆದುಕೊಂಡ. ಹಾಳೆಯ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿ, ಪೆನ್ಸಿಲಿನ ಗೆರೆ ಎಲ್ಲಿದೆ ಎಂದು ಹುಡುಕಿದ. ಅದರಿಂದ ನಾಲ್ಕು ಬೆರಳು ಆಚೆಗೆ ಬಟ್ಟನ್ನು ಮೆಲ್ಲಗೆ ಇಟ್ಟ. ಮತ್ತೆ ನೋಡಿದ. ಅನುಮಾನ ಬಂದು, ಇನ್ನೂ ಎರಡು ಬೆರಳು ಆಚೆಗೆ ಸರಿಸಿದ.

"ಗೆರೆ ಕಾಣ್ತಿದೆಯಾ ಅಮ್ಮ?" ಎಂದು ಕೇಳಿದ.

"ಕಾಣ್ತಿದೆ" ಅಂದಳು ಚಿಕ್ಕಮ್ಮ.

"ಹಾಗಾದ್ರೆ ಹಚ್ಚಿ."

ಅವಳು ಕುಂಚ ಇಳಿಸಿದಳು. ಹಳದಿಯ ಹನಿ ಮೇಲಿನಿಂದ ಕೆಳಕ್ಕೆ ಬಂತು, ಗೆರೆ ಮುಟ್ಟಿ ಅಲ್ಲೇ ನಿಂತಿತು. ಒಣಗುವ ತನಕ ಅವರಿಬ್ಬರೂ ಆ ಹಾಳೆಯ ಮುಂದೆ ಅಕ್ಕಪಕ್ಕ ನಿಂತೇ ಇದ್ದರು.